ಬೈಂಡರಮ್ಮನ ಮಾತ್ರೆ, ಮೇಷ್ಟ್ರ ನಡಿಗೆ

ಬೈಂಡರಮ್ಮನ ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದ ಸುದ್ದಿ ಕೇಳಿ ಅವಳನ್ನು ಬಲ್ಲವರೆಲ್ಲ ಮೊದಲು ನಕ್ಕರು, ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡರು. ನಗದೆ ಏನು ಮಾಡುತ್ತಾರೆ? ಒಂದು ಚೂರು ರಟ್ಟನ್ನೂ ಯಾರಿಗೂ ಪುಕ್ಕಟೆ ಕೊಟ್ಟವಳಲ್ಲ. ಯಾರ ತಪ್ಪನ್ನೂ ಹೋಗಲಿ ಬಿಡು ಎಂದವಳಲ್ಲ. ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರೆ. ಇವಳ ಮೂಗನ್ನು ಸಿಟ್ಟಿನಿಂದಲೇ ಮಾಡಿದ್ದರು.

ಹಳೆಯ ಕಟ್ಟಡವೊಂದರ ತುತ್ತತುದಿಯ ಮಹಡಿಯಲ್ಲಿ ಅವಳ ಬೈಂಡಿಂಗ್ ಕೋಣೆ. ಕೆಳಗಿನ ಮಹಡಿಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸು. ಅಲ್ಲಿ ಅಚ್ಚಾದ ದೊಡ್ಡ ಹಾಳೆಗಳು, ಅಂದರೆ ಫಾರಂಗಳು, ಇವಳಲ್ಲಿಗೆ ಬರುತ್ತಿದ್ದವು. ಮಡಚುವುದು, ಜೋಡಿಸುವುದು, ಹೊಲಿಯುವುದು, ಬೆನ್ನಿಗೆ ಗೋಂದು ಹಚ್ಚಿ ಒತ್ತಿಡುವುದು, ರಟ್ಟು ಕಟ್ಟುವುದು. ಇಷ್ಟೂ ಅವಳ ಕೈಯಲ್ಲೇ ಆಗಬೇಕು. ಅವಳು ಹೊಲಿದ ಪುಸ್ತಕವನ್ನು ಎಷ್ಟೇ ಅಗಲಿಸಿ ತೆಗೆದರೂ ಒಂದು ಹಾಳೆಯೂ ಕಳಚುತ್ತಿರಲಿಲ್ಲ. ಕಾಲೇಜಿನ ಹುಡುಗರು ತಮ್ಮ ಪ್ರಬಂಧ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದು ನಾಳೆಯೇ ಬೇಕು ಎಂದರೆ ಅವಳು ತಲೆ ಎತ್ತುತ್ತಲೂ ಇರಲಿಲ್ಲ. "ಬರೆಯೋಕೆ ಐದು ವರ್ಷ ತಗೊಂಡ್ರಲ್ಲ, ಗೋಂದು ಒಣಗೋಕೆ ಎರಡು ದಿನ ಕೊಡೋಕಾಗಲ್ವಾ?" ಎನ್ನುತ್ತಿದ್ದಳು. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು. ಏಕೆಂದರೆ ಬೈಯದ ಬೈಂಡರ್ ಕೊಟ್ಟ ಪುಸ್ತಕ ವರ್ಷ ತುಂಬುವುದರೊಳಗೆ ಚಿಂದಿಯಾಗಿರುತ್ತಿತ್ತು.

ಇಂಥವಳಿಗೆ ಗಂಡನಾಗಿ ಸಿಕ್ಕವರು ಶಾಲೆಯ ಡ್ರಿಲ್ ಮೇಷ್ಟ್ರು. ತುಂಬ ಒಳ್ಳೆಯವರು, ಮತ್ತು ತೊಂದರೆಯೆಲ್ಲ ಇರುವುದು ಅಲ್ಲೇ. ಯಾರಾದರೂ ಗೂನು ಬೆನ್ನು ಮಾಡಿಕೊಂಡು ಕೂತರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಗುರುತಿಲ್ಲದವರ ಭುಜ ಹಿಡಿದು ನೇರ ಮಾಡಿ ಬೈಸಿಕೊಂಡದ್ದುಂಟು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನೂ ನಸುಕಿನಲ್ಲಿ ಎಬ್ಬಿಸಿ ಅಂಗಳದಲ್ಲಿ ಕೈಕಾಲು ಆಡಿಸು ಎಂದಿದ್ದರು. "ನಾನು ನಿಮ್ಮನ್ನ ಮದುವೆ ಆಗಿರೋದು, ನಿಮ್ಮ ಸ್ಕೂಲಿಗೆ ಸೇರ್ಕೊಂಡಿಲ್ಲ" ಎಂದು ಅವಳು ಮತ್ತೆ ಮುಸುಕು ಹಾಕಿಕೊಂಡಳು. ಅಲ್ಲಿಗೆ ಆ ಮಾತು ಮುಗಿಯಿತು. ಮೇಷ್ಟ್ರು ಸಾವಿರಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಮನೆಯಲ್ಲಿ ಒಬ್ಬಳನ್ನು ನಿಲ್ಲಿಸಲಾಗಲಿಲ್ಲ.

ಒಂದು ಕೆಟ್ಟ ಜ್ವರ ಬಂದು ಹೋಯಿತು. ಜ್ವರ ಹೋದರೂ ಸುಸ್ತು ಹೋಗಲಿಲ್ಲ. ಪಾದ ಊದಿಕೊಂಡವು, ದಿಂಬಿನ ಮೇಲೆ ದಿಂಬು ಇಟ್ಟುಕೊಂಡರೆ ಮಾತ್ರ ಉಸಿರು ಬರುತ್ತಿತ್ತು. ಒಂದು ಬೆಳಿಗ್ಗೆ ಬೈಂಡಿಂಗ್ ಕೋಣೆಯ ಮೆಟ್ಟಿಲ ನಡುವೆ ಕೂತವಳು ಏಳಲಾರದೆ ಹೋದಳು. ಪ್ರೆಸ್ಸಿನ ಯಜಮಾನ ಕುರ್ಚಿ ತರಿಸಿ, ಅದರಲ್ಲಿ ಕೂರಿಸಿ ಕೆಳಗಿಳಿಸಿದ. ಇಳಿಸುವಾಗಲೇ ಅವನ ಕಣ್ಣು ಮೇಲಿನ ಕೋಣೆಯ ಮೇಲಿತ್ತು. ತಿಂಗಳಾಗುವುದರೊಳಗೆ ಅವಳ ಮೇಜಿನ ಮೇಲೆ ಅವನ ಕಾಗದದ ರೀಮುಗಳು ಬಂದು ಕೂತವು.

"ನೀವು ಬರೋ ತನಕ ಅಷ್ಟೇ ಅಕ್ಕಾ" ಎಂದ. "ಈ ವರ್ಷ ಕಳೆಯೋದ್ರೊಳಗೆ ಬಂದ್ರೆ ಕೋಣೆ ನಿಮ್ಮದೇ. ಬರದಿದ್ರೆ ನಾನೂ ಏನು ಮಾಡ್ಲಿ, ನೀವೇ ಹೇಳಿ."

ಅವಳಿಗೆ ಮೈಯೆಲ್ಲ ಉರಿಯಿತು. ಮೇಜು ಕೆಳಗೆ ತರೋಣ ಎಂದರೆ, ಆ ಒತ್ತುಯಂತ್ರವನ್ನೂ ಕತ್ತರಿಸುವ ಯಂತ್ರವನ್ನೂ ಹಿಡಿಸುವ ಇನ್ನೊಂದು ಕೋಣೆ ಅವಳ ಕೈಗೆಟುಕುವಂತಿರಲಿಲ್ಲ. ಮೆಟ್ಟಿಲು ಹತ್ತಬೇಕು, ಇಲ್ಲವೇ ಕೆಲಸ ಬಿಡಬೇಕು. ಅವಳ ಬದುಕೆಲ್ಲ ಬಂದು ಆ ಮೆಟ್ಟಿಲ ಬುಡದಲ್ಲಿ ನಿಂತಿತು.

ದೊಡ್ಡಾಸ್ಪತ್ರೆಯಲ್ಲಿ ಹೃದಯದ ಔಷಧಿಗಳ ಮೇಲೆ ಸಂಶೋಧನೆ ಮಾಡುವ ಡಾಕ್ಟರಮ್ಮ ಒಬ್ಬರಿದ್ದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ, ಮೊಗದಲ್ಲಿ ನಗು ಅದಕ್ಕಿಂತ ಕಡಿಮೆ. ಬೈಂಡರಮ್ಮನಿಗೆ ಮೊದಲ ನೋಟಕ್ಕೇ ಹಿಡಿಸಿದರು. ಡಾಕ್ಟರಮ್ಮ ಒಂದು ಕಾಗದದ ಮೇಲೆ ಹೃದಯದ ಚಿತ್ರ ಬರೆದು ವಿವರಿಸಿದರು.

"ನಿಮ್ಮ ಹೃದಯ ಸಡಿಲ ಆಗಿದೆ ಅಮ್ಮಾ. ತುಂಬ್ಕೊಳ್ಳುತ್ತೆ, ಆದ್ರೆ ಹಿಂಡೋ ಶಕ್ತಿ ಇಲ್ಲ. ಹಿಂಡೋ ಶಕ್ತಿ ಹೆಚ್ಚಿಸೋ ಔಷಧಿಗಳು ಹಿಂದೆಯೂ ಬಂದಿದ್ವು. ಅವೆಲ್ಲ ಸುಸ್ತಾದ ಎತ್ತಿಗೆ ಚಾಟಿ ಬೀಸಿದ ಹಾಗೆ. ನಾಲ್ಕು ಹೆಜ್ಜೆ ಜೋರಾಗಿ ಹೋಗೋದು, ಆಮೇಲೆ ಬಿದ್ದುಹೋಗೋದು. ಜನ ಗೆಲುವಾಗಿದ್ದಾರೆ ಅಂತ ನಾವು ಸಂತೋಷಪಡ್ತಿದ್ವಿ, ಅವರು ಬೇಗ ಸಾಯ್ತಿದ್ರು."

"ಮತ್ತೆ ನಿಮ್ಮದು?"

"ನನ್ನದು ಹೃದಯನ ಓಡಿಸಲ್ಲ. ಒಂದೊಂದು ಸಲ ಹಿಂಡುವಾಗಲೂ ಹಿಡಿತ ಸ್ವಲ್ಪ ಹೆಚ್ಚು ಹೊತ್ತು ಇರೋ ಹಾಗೆ ಮಾಡುತ್ತೆ. ಮಾಡುತ್ತೆ ಅಂತ ನಾನು ಅಂದ್ಕೊಂಡಿದ್ದೀನಿ. ಹತ್ತು ವರ್ಷದಿಂದ ಇದರ ಹಿಂದೆ ಬಿದ್ದಿದ್ದೀನಿ. ನಿಜವಾ ಸುಳ್ಳಾ ಅಂತ ಈಗ ನೋಡ್ಬೇಕು."

ನೋಡುವ ಬಗೆಯನ್ನೂ ಹೇಳಿದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಪೊಳ್ಳು ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಹಳೆಯ ಮಾತ್ರೆಗಳು ಎಲ್ಲರಿಗೂ ಎಂದಿನಂತೆ. ಮೊದಲೊಂದು ಸಲ, ಕೊನೆಗೊಂದು ಸಲ, ಆಸ್ಪತ್ರೆಯೊಳಗೆ ವಾರ್ಡುಗಳ ನಡುವಿನ ಉದ್ದನೆಯ ಓಣಿಯಲ್ಲಿ ಆರು ನಿಮಿಷ ನಡೆಯಬೇಕು. ಎಷ್ಟು ದೂರ ನಡೆದರು ಎಂಬುದರ ಮೇಲೆ ತೀರ್ಮಾನ. ನಡೆಸುವ ನರ್ಸಮ್ಮ ರೋಗಿಯ ಪಕ್ಕದಲ್ಲಿ ನಡೆಯುವಂತಿಲ್ಲ, ಹುರಿದುಂಬಿಸುವಂತಿಲ್ಲ. ಬರೆದುಕೊಟ್ಟ ಒಂದೆರಡು ಮಾತನ್ನು ಒಂದೇ ದನಿಯಲ್ಲಿ ಹೇಳಬೇಕು, ಅಷ್ಟೇ. ಇನ್ನೊಂದು ಕಟ್ಟಪ್ಪಣೆ ಎಂದರೆ, ಪರೀಕ್ಷೆ ಮುಗಿಯುವವರೆಗೆ ಎಲ್ಲರೂ ಮೊದಲು ಹೇಗಿದ್ದರೋ ಹಾಗೇ ಇರಬೇಕು, ಹೊಸ ವ್ಯಾಯಾಮ ಶುರು ಮಾಡಬಾರದು.

ಈ ಕೊನೆಯ ಮಾತು ಹೇಳುವಾಗ ಮೇಷ್ಟ್ರು ಹೆಂಡತಿಯ ಪಕ್ಕದಲ್ಲೇ ಕೂತಿದ್ದರು. ಕಿವಿ ತುಂಬ ಕೇಳಿಸಿಕೊಂಡರು, ತಲೆಯಾಡಿಸಿದರು ಕೂಡ.

ಮೊದಲ ನಡಿಗೆಯ ದಿನ ಅವರು ಓಣಿಯ ಬೆಂಚಿನ ಮೇಲೆ ಕೂತು ರೋಗಿಗಳು ಒಬ್ಬೊಬ್ಬರಾಗಿ ನಡೆಯುವುದನ್ನು ನೋಡಿದರು. ನೋಡಿ ಅವರ ಜೀವ ಬಾಯಿಗೆ ಬಂತು. ಬಸ್ ಓಡಿಸುತ್ತಿದ್ದ ದಢೂತಿ ಡ್ರೈವರೊಬ್ಬ ಮೈಗೆ ಬೆಂಕಿ ಬಿದ್ದವನ ಹಾಗೆ ಹೊರಟು ಎರಡನೇ ತಿರುವಿನಲ್ಲೇ ಗೋಡೆ ಹಿಡಿದು ನಿಂತ. ಹೂವಿನಂಗಡಿಯ ಮುದುಕಿ ನೆಲವನ್ನೇ ನೋಡುತ್ತ, ಕಾಲೆಳೆಯುತ್ತ, ಉಸಿರು ಕಟ್ಟಿಕೊಂಡು ಹೋದಳು. ಕೈ ಬೀಸುವವರಿಲ್ಲ, ಹೆಜ್ಜೆಗೂ ಉಸಿರಿಗೂ ತಾಳವಿಲ್ಲ. ಬೈಂಡರಮ್ಮನದೂ ಅದೇ ಕಥೆ. ಮೇಷ್ಟ್ರು ತುಟಿ ಕಚ್ಚಿಕೊಂಡು ಕೂತದ್ದೇ ದೊಡ್ಡದು.

ಮನೆಗೆ ಬಂದ ಕೂಡಲೇ ಶುರು ಮಾಡಿದರು. "ನೋಡು, ಮೊದಲು ನಿಧಾನ ಹೊರಡ್ಬೇಕು. ತಿರುವಿನಲ್ಲಿ ಒಳಗಾಲು ಮೊದಲು. ಮೂರು ಹೆಜ್ಜೆಗೆ ಉಸಿರು ತಗೊಂಡು..."

"ರೀ, ಡಾಕ್ಟರಮ್ಮ ವ್ಯಾಯಾಮ ಬೇಡ ಅಂದಿದ್ದಾರೆ."

"ಇದು ವ್ಯಾಯಾಮ ಅಲ್ಲ ಕಣೇ. ನಡಿಗೆ."

"ಏನಾದ್ರೂ ಆಗ್ಲಿ. ನನ್ನ ಕಾಲಿನ ತಂಟೆಗೆ ಬರಬೇಡಿ. ಬೇರೆ ಯಾರಾದ್ರೂ ಸಿಕ್ತಾರೇನೋ ನೋಡ್ಕೊಳ್ಳಿ!"

ಬಾಯಿ ತಪ್ಪಿ ಬಂದ ಮಾತೇನಲ್ಲ, ಸಿಟ್ಟಿನಲ್ಲಿ ಸರಿಯಾಗಿಯೇ ಆಡಿದ್ದು. ಮೇಷ್ಟ್ರು ಅದನ್ನು ಸಲಹೆ ಎಂದು ತೆಗೆದುಕೊಂಡರು.

ಮಾತ್ರೆ ತೆಗೆದುಕೊಳ್ಳಲು, ರಕ್ತ ಕೊಡಲು, ರೋಗಿಗಳೆಲ್ಲ ಆಗಾಗ ಆಸ್ಪತ್ರೆಗೆ ಬರಬೇಕಿತ್ತು. ಸರದಿ ಬರುವವರೆಗೆ ಕಾಯಬೇಕಿತ್ತು. ಆಸ್ಪತ್ರೆಯ ಹಿಂದೆ, ಆಂಬುಲೆನ್ಸ್ ನಿಲ್ಲಿಸುವ ತಗಡಿನ ಮಾಡಿನ ಪಕ್ಕ, ಸಿಮೆಂಟಿನ ಬಯಲಿತ್ತು. ಮೇಷ್ಟ್ರು ಮೊದಲು ಡ್ರೈವರನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಆಮೇಲೆ ಹೂವಿನ ಮುದುಕಿ ಬಂದಳು. ಆಮೇಲೆ ಉಳಿದವರು. ಸ್ವಲ್ಪ ದಿನದಲ್ಲಿ ಅದೊಂದು ಶಾಲೆಯೇ ಆಯಿತು. ಆಸ್ಪತ್ರೆಗೆ ಬರುವ ದಿನವಲ್ಲದಿದ್ದರೂ ಬೆಳಿಗ್ಗೆ ಬೆಳಿಗ್ಗೆಯೇ ಬಂದು ಸೇರುವವರು ಹೆಚ್ಚಾದರು. ಮೇಷ್ಟ್ರು ಕೈ ತಟ್ಟುತ್ತ ತಾಳ ಹಾಕುವುದು, ಅವರು ನಡೆಯುವುದು. ನಿವೃತ್ತಿಯಾದ ಮೇಲೆ ಬಾಡಿಹೋಗಿದ್ದ ಮೇಷ್ಟ್ರ ಮುಖಕ್ಕೆ ಮತ್ತೆ ಕಳೆ ಬಂತು. ಬೈಂಡರಮ್ಮನಿಗೆ ಇದೆಲ್ಲ ಗೊತ್ತಿತ್ತು. ಒಳಗಿನ ಬೆಂಚಿನ ಮೇಲೆ ಒಬ್ಬಳೇ ನೆಮ್ಮದಿಯಾಗಿ ಕೂತಿರುತ್ತಿದ್ದಳು. ಸದ್ಯ, ನನ್ನ ತಲೆ ತಿನ್ನುವುದು ತಪ್ಪಿತಲ್ಲ ಎಂದುಕೊಂಡಳೇ ಹೊರತು ಇನ್ನೇನೂ ಅಂದುಕೊಳ್ಳಲಿಲ್ಲ.

ಏಕೆಂದರೆ ಅವಳ ಮೈಯಲ್ಲಿ ಬೇರೆಯೇ ಒಂದು ನಡೆಯುತ್ತಿತ್ತು. ಮೊದಲು ಪಾದದ ಊತ ಇಳಿಯಿತು. ಆಮೇಲೆ ಒಂದು ದಿಂಬು ಸಾಕಾಯಿತು. ಒಂದು ದಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಪಾತ್ರೆ ತೊಳೆದು ಮುಗಿಸಿದಳು. ಮುಗಿಸಿದ ಮೇಲೆ ನಡುವೆ ಕೂತಿರಲಿಲ್ಲ ಎಂಬುದು ಹೊಳೆಯಿತು. ಅದರ ಮರುವಾರ ಯಾರಿಗೂ ಹೇಳದೆ ಬೈಂಡಿಂಗ್ ಕೋಣೆಗೆ ಹೋದಳು. ಪ್ರತಿ ತಿರುವಿನಲ್ಲೂ ನಿಂತಳು, ಆದರೆ ಹತ್ತಿದಳು. ಮೇಜಿನ ಮೇಲಿದ್ದ ರೀಮುಗಳನ್ನು ನೋಡಿ ಕೆಳಗಿನ ಮಹಡಿಗೆ ಕೇಳಿಸುವ ಹಾಗೆ ಕೂಗಿದಳು.

"ಯಾರಪ್ಪಾ ಇದು? ನನ್ನ ಮೇಜನ್ನ ಗೋಡೌನ್ ಮಾಡ್ಕೊಂಡಿರೋದು!"

ಪ್ರೆಸ್ಸಿನ ಯಜಮಾನ ಓಡಿಬಂದ. ಅವನ ಮುಖ ಹುಳ್ಳಗಾದದ್ದನ್ನು ನೋಡಿ ಅವಳಿಗೆ ಹೊಟ್ಟೆ ತುಂಬಿತು. ಕೆಲಸ ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರುವಾಯಿತು. ಆ ಪುಟ್ಟ ಹಳದಿ ಮಾತ್ರೆಯನ್ನು ನುಂಗುವಾಗ ಅವಳು ಅದನ್ನು ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ತನ್ನದು ಪೊಳ್ಳಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಕೊನೆಯ ನಡಿಗೆ ಮುಗಿದು, ಲೆಕ್ಕವೆಲ್ಲ ಆದ ಮೇಲೆ ಡಾಕ್ಟರಮ್ಮ ಎಲ್ಲರನ್ನೂ ಆಸ್ಪತ್ರೆಯ ಸಭಾಂಗಣಕ್ಕೆ ಕರೆಸಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ನೀವೆಲ್ಲ ಮೊದಲಿಗಿಂತ ಚೆನ್ನಾಗಿ ನಡೆದಿದ್ದೀರಿ" ಎಂದರು. "ಅದು ಸಂತೋಷ. ಆದ್ರೆ ನಿಜವಾದ ಮಾತ್ರೆ ತಗೊಂಡವರೂ, ಪೊಳ್ಳು ಮಾತ್ರೆ ತಗೊಂಡವರೂ ಒಂದೇ ಸಮ ನಡೆದಿದ್ದೀರಿ. ಅಂದ್ರೆ ನನ್ನ ಮಾತ್ರೆಯಿಂದ ಏನೂ ಆಗಲಿಲ್ಲ ಅಂತ ಅರ್ಥ. ಇವತ್ತಿಗೆ ಮಾತ್ರೆ ನಿಲ್ಲಿಸ್ತಿದ್ದೀವಿ. ಉಳಿದಿರೋದನ್ನ ನರ್ಸಮ್ಮನ ಕೈಗೆ ಕೊಟ್ಟುಬಿಡಿ. ಪೊಳ್ಳು ಮಾತ್ರೆ ತಗೊಂಡು ಇಷ್ಟು ಚೆನ್ನಾಗಿ ನಡೆದವರನ್ನ ನಾನು ಎಲ್ಲೂ ಕಂಡಿಲ್ಲ. ನನಗೆ ಅರ್ಥ ಆಗ್ತಿಲ್ಲ."

ಸಭೆಯಲ್ಲಿದ್ದವರೆಲ್ಲ ತಿರುಗಿ ಮೇಷ್ಟ್ರ ಕಡೆ ನೋಡಿ ನಕ್ಕರು. ಡ್ರೈವರ್ ಎದ್ದು ಚಪ್ಪಾಳೆ ತಟ್ಟಿದ. ಹೂವಿನ ಮುದುಕಿ ಕೈಮುಗಿದಳು. ಮೇಷ್ಟ್ರು ನಾಚಿಕೊಂಡು, ಇರಲಿ ಇರಲಿ ಎಂಬಂತೆ ಕೈಯಾಡಿಸಿದರು.

ಆಗ ಬೈಂಡರಮ್ಮನಿಗೆ ತಿಳಿಯಿತು. ಎಲ್ಲ ಒಟ್ಟಿಗೇ ತಿಳಿಯಿತು. ಸಿಟ್ಟು ನೆತ್ತಿಗೇರಿತು. ಎದ್ದು ನಿಂತಳು.

"ಡಾಕ್ಟರಮ್ಮಾ, ನಿಮ್ಮ ಲೆಕ್ಕ ಕೆಡಿಸಿದೋರು ಇಲ್ಲೇ ಕೂತಿದ್ದಾರೆ. ಇವರೇ. ನನ್ನ ಗಂಡ. ಹಿಂದುಗಡೆ ಆಂಬುಲೆನ್ಸ್ ಪಕ್ಕ ಇಷ್ಟೂ ಜನಕ್ಕೆ ಹೇಗೆ ನಡೀಬೇಕು ಅಂತ ಪಾಠ ಮಾಡಿದ್ದಾರೆ. ಮಾತ್ರೆಯವರಿಗೂ ಮಾಡಿದ್ದಾರೆ, ಪೊಳ್ಳಿನವರಿಗೂ ಮಾಡಿದ್ದಾರೆ. ಆ ಪಾಠದ ಬಲದಲ್ಲಿ ಮಾತ್ರೆಯ ಬಲ ಮುಚ್ಚಿಹೋಗಿದೆ, ಇನ್ನು ವ್ಯತ್ಯಾಸ ಎಲ್ಲಿಂದ ಬರ್ಬೇಕು?"

ಡಾಕ್ಟರಮ್ಮ ನಿಧಾನವಾಗಿ ಮೇಷ್ಟ್ರ ಕಡೆ ತಿರುಗಿದರು.

"ಹೊಸ ವ್ಯಾಯಾಮ ಬೇಡ ಅಂತ ಪ್ರತಿಯೊಬ್ಬರಿಗೂ ಹೇಳಿದ್ವಲ್ಲ?"

"ವ್ಯಾಯಾಮ ಎಲ್ಲಮ್ಮಾ ಮಾಡಿಸಿದೆ?" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಕಪಟವೇ ಇರಲಿಲ್ಲ. "ಒಂದು ಬಸ್ಕಿ ಹೊಡೆಸಿಲ್ಲ, ಓಡಿಸಿಲ್ಲ, ಕುಣಿಸಿಲ್ಲ. ಬರೀ ನಡಿಗೆ. ನಡಿಗೆ ಯಾವತ್ತಾದ್ರೂ ವ್ಯಾಯಾಮ ಆಗುತ್ತಾ? ನಮ್ಮ ಸ್ಕೂಲಲ್ಲಿ ಅದನ್ನ ವಿಶ್ರಾಂತಿ ಅಂತಿದ್ವಿ."

ಡಾಕ್ಟರಮ್ಮ ಕುರ್ಚಿಯ ಮೇಲೆ ಕುಸಿದು ಕೂತರು. ಡ್ರೈವರನಿಗೆ ರೇಗಿತು. "ಏನಮ್ಮಾ ಇದು? ನಾವು ನಡೆಯೋ ಹಾಗೆ ಆಗಿದ್ದೇ ತಪ್ಪಾ? ನಿಮ್ಮ ಮಾತ್ರೆ ನೀವೇ ಇಟ್ಕೊಳ್ಳಿ. ನಮಗೆ ನಮ್ಮ ಮೇಷ್ಟ್ರೇ ಸಾಕು."

"ತಪ್ಪಲ್ಲಪ್ಪಾ. ಅವರು ಮಾಡಿದ್ದು ನಿಮಗೆ ಒಳ್ಳೇದೇ. ನನ್ನ ಗೋಳೂ ಅದೇ" ಎಂದರು ಡಾಕ್ಟರಮ್ಮ.

ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಬೈಂಡರಮ್ಮ ಮಾತ್ರೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಕೂತಳು. ಯಾರಿಗೆ ಯಾವ ಮಾತ್ರೆ ಎಂದು ಡಾಕ್ಟರಮ್ಮನಿಗೂ ಕಾಣದಂತೆ ಮುಚ್ಚಿಟ್ಟಿದ್ದ ಪಟ್ಟಿಯನ್ನು ಈಗ ತೆರೆದಾಗಿತ್ತು; ಬೈಂಡರಮ್ಮನದು ನಿಜವಾದ ಮಾತ್ರೆ.

"ನಿಮ್ಮ ಹೃದಯದ ಚಿತ್ರ ನೋಡಿದ್ದೀನಿ. ಹಿಂಡೋ ಬಲ ಹೆಚ್ಚಿದೆ. ಮಾತ್ರೆ ತಗೊಂಡ ಎಲ್ಲರದೂ ಹೆಚ್ಚಿದೆ."

"ಮತ್ತಿನ್ನೇನು? ಅದನ್ನೇ ಹೇಳಿ, ಮಾತ್ರೆ ಕೊಡಿ!"

"ಹಾಗೆ ಹೇಳೋಕಾಗಲ್ಲ ಅಮ್ಮಾ. ಚಿತ್ರದಲ್ಲಿ ಚೆನ್ನಾಗಿ ಹಿಂಡ್ತಿದ್ದ ಹೃದಯದವರನ್ನ ಹಿಂದೆ ಮಣ್ಣು ಮಾಡಿದ್ದೀವಿ. ಅದಕ್ಕೇ ಈ ಸಲ ಚಿತ್ರ ನಂಬೋದು ಬೇಡ, ನಡಿಗೆಯೇ ಹೇಳ್ಲಿ ಅಂತ ಶುರುವಿನಲ್ಲೇ ನಿರ್ಧಾರ ಮಾಡಿದ್ವಿ. ಆಟ ಮುಗಿದ ಮೇಲೆ ಗೆರೆ ಅಳಿಸಿ ನಮಗೆ ಬೇಕಾದ ಕಡೆ ಎಳೆಯೋಕಾಗುತ್ತಾ?"

ಬೈಂಡರಮ್ಮನಿಗೆ ಅವರ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಆ ಮಾತು ಸರಿ ಎಂದು ಗೊತ್ತಾದದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಗೋಂದು ಒಣಗುವ ಮೊದಲೇ ಪುಸ್ತಕ ಕೇಳುವವರನ್ನು ಅವಳೂ ಹೀಗೇ ಅಟ್ಟುತ್ತಿದ್ದವಳಲ್ಲವೇ.

"ಇನ್ನೊಂದು ಸಲ ಪರೀಕ್ಷೆ ಮಾಡೋಕೆ ಕೇಳ್ತೀನಿ" ಎಂದರು ಡಾಕ್ಟರಮ್ಮ. "ಮೇಲಿನವರ ಮುಂದೆ ನಿಮ್ಮ ಯಜಮಾನರು ಬಂದು ನಡೆದದ್ದನ್ನ ನಡೆದ ಹಾಗೆ ಹೇಳಿದ್ರೆ ಒಪ್ಪಬಹುದು. ಆದ್ರೆ ಎಲ್ಲ ಹೊಸಬರೇ ಬೇಕು. ಇವರ ಕೈಯಲ್ಲಿ ನಡಿಗೆ ಕಲಿತ ಯಾರನ್ನೂ ಸೇರಿಸ್ಕೊಳ್ಳೋ ಹಾಗಿಲ್ಲ." ಬೈಂಡರಮ್ಮನ ಕೈಯಲ್ಲಿದ್ದ ಡಬ್ಬಿಯ ಕಡೆ ನೋಡಿ ಹೇಳಿದರು. "ಹಳಬರಲ್ಲಿ ಕಲಿಯದೇ ಇರೋರು ನೀವೊಬ್ಬರೇ. ಬೇಕಾದ್ರೆ ಸೇರಬಹುದು. ಆದ್ರೆ ಮೊದಲು ಮಾತ್ರೆ ಬಿಡ್ಬೇಕು, ಮೈಯಿಂದ ಪೂರ್ತಿ ಹೋಗೋ ತನಕ ಕಾಯ್ಬೇಕು. ಆಮೇಲೆ ಮತ್ತೆ ಚೀಟಿ ಎತ್ತಿದ ಹಾಗೆ. ಈ ಸಲ ಪೊಳ್ಳು ಬಂದ್ರೂ ಬರಬಹುದು. ಯೋಚನೆ ಮಾಡಿ."

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ, ಕಟ್ಟೆ ಒಡೆಯಿತು.

"ನನ್ನ ಅನ್ನಕ್ಕೆ ಮಣ್ಣು ಹಾಕಿದ್ರಲ್ಲ ರೀ! ಊರವರ ಬೆನ್ನು ನೆಟ್ಟಗೆ ಮಾಡಿ ನನ್ನ ಬೆನ್ನು ಮುರಿದ್ರಲ್ಲ! ಒಳ್ಳೇದು ಮಾಡೋಕೆ ಹೊರಡೋ ಮುಂಚೆ ಒಂದು ಸಲ, ಒಂದೇ ಒಂದು ಸಲ, ಮಾಡ್ಲಾ ಅಂತ ಕೇಳ್ಬೇಕು ಅನ್ಸಲ್ವಾ ನಿಮಗೆ?"

ಮೇಷ್ಟ್ರು ಗೋಡೆಗೊರಗಿ ನಿಂತಿದ್ದರು. "ನೀನೇ ಬೇರೆ ಯಾರಾದ್ರೂ ನೋಡ್ಕೊಳ್ಳಿ ಅಂದೆ" ಎಂದರು, ಮೆಲ್ಲಗೆ.

ಅದು ನಿಜವಾಗಿತ್ತು. ಅವಳು ಅಂದದ್ದೂ ನಿಜ, ಇವರು ಆಂಬುಲೆನ್ಸ್ ಪಕ್ಕ ಕೈ ತಟ್ಟುವುದನ್ನು ಕಿಟಕಿಯಿಂದ ನೋಡಿಯೂ ಸುಮ್ಮನಿದ್ದದ್ದೂ ನಿಜ. ಕೈಯಲ್ಲಿದ್ದ ಡಬ್ಬಿಯನ್ನು ಗೋಡೆಗೆ ಎಸೆಯಬೇಕು ಎನಿಸಿತು. ಡಬ್ಬಿಯಲ್ಲಿ ಏನೂ ಇರಲಿಲ್ಲ, ಹೊರಡುವಾಗ ಮಾತ್ರೆಗಳನ್ನು ನರ್ಸಮ್ಮ ಎಣಿಸಿ ತೆಗೆದುಕೊಂಡಿದ್ದಳು. ಆದರೂ ಎಸೆದಳು.

ಮಾರನೇ ದಿನ ಮೇಷ್ಟ್ರು ಬೇರೆಯೇ ರಾಗ ತೆಗೆದರು. "ಆ ಚೀಟಿ ಆಟ ಬೇಡ. ಪೊಳ್ಳು ಬಂದ್ರೆ ಏನು ಗತಿ? ನನ್ನ ಮಾತು ಕೇಳು, ನಾನು ನಡೆಸ್ತೀನಿ. ಡ್ರೈವರ್ ಎಷ್ಟು ಸುಧಾರಿಸಿದಾನೆ ನೋಡು, ಅವನದು ಪೊಳ್ಳಾಗಿತ್ತಂತೆ. ಆ ಮಾತ್ರೆಯಷ್ಟಲ್ಲದಿದ್ರೂ ನಿನಗೂ ಎಷ್ಟೋ ಅನುಕೂಲ ಆಗುತ್ತೆ. ಮೇಲಿನ ಕೋಣೆ ತನಕ ನಾನೇ ಕೈ ಹಿಡಿದು ಹತ್ತಿಸ್ತೀನಿ."

ಇದು ಸುಳ್ಳಲ್ಲ. ಅವಳಿಗೂ ಗೊತ್ತಿತ್ತು. ಆದರೆ ಆ ಮಾತ್ರೆ ಅವಳ ಮೈಯಲ್ಲಿ ಏನು ಮಾಡಿತು ಎಂದು ಅವಳೊಬ್ಬಳಿಗೇ ಗೊತ್ತು. ಉಳಿದವರದೆಲ್ಲ ಕಲಸುಮೇಲೋಗರ. ಅವಳು ಹಿಂದೆ ಸರಿದರೆ ಆ ಮಾತ್ರೆ ಕೆಲಸಕ್ಕೆ ಬಾರದ್ದು ಎಂದು ಹಣೆಪಟ್ಟಿ ಕಟ್ಟಿಕೊಂಡು ಕಪಾಟು ಸೇರಿದರೂ ಕೇಳುವವರಿಲ್ಲ. ಸುಳ್ಳು ಗೆಲ್ಲುವುದನ್ನು ಅವಳು ಯಾವತ್ತೂ ಸಹಿಸಿದವಳಲ್ಲ.

"ನಡೀರಿ ಆಸ್ಪತ್ರೆಗೆ" ಎಂದಳು. "ಮೇಲಿನವರ ಮುಂದೆ ನೀವು ಮಾಡಿದ್ದನ್ನ ಬಾಯಿಬಿಟ್ಟು ಹೇಳಿ. ಆಮೇಲೆ ನಾನು ಸೇರ್ತೀನಿ."

ಮೇಷ್ಟ್ರು ಹೇಳಿದರು. ಹತ್ತಾರು ದೊಡ್ಡ ಡಾಕ್ಟರುಗಳ ಎದುರು ಕೈಕಟ್ಟಿ ನಿಂತು, ನಡಿಗೆ ವ್ಯಾಯಾಮವಲ್ಲ ಎಂದು ತಾವು ತಿಳಿದದ್ದನ್ನೂ, ಮಾಡಿದ್ದನ್ನೂ ಹೇಳಿದರು. ಒಬ್ಬಿಬ್ಬರು ಕಿಸಕ್ಕೆಂದು ನಕ್ಕರು. ಹೊರಗೆ ಬಾಗಿಲ ಬಳಿ ಕೂತಿದ್ದ ಬೈಂಡರಮ್ಮನಿಗೆ ಆ ನಗು ಕೇಳಿಸಿ, ಒಳಗೆ ನುಗ್ಗಿ ನಕ್ಕವರ ಕೆನ್ನೆಗೆ ಬಾರಿಸಬೇಕು ಎನಿಸಿತು. ತನ್ನ ಗಂಡನನ್ನು ಬೈಯುವ ಹಕ್ಕು ತನ್ನದು, ಇವರಿಗೇನು ಕೆಲಸ?

ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಮಾತ್ರೆ ಬಿಟ್ಟ ಮೇಲೆ ಅವಳ ಮೈ ಹಳೆಯ ದಾರಿ ಹಿಡಿಯಿತು. ಪಾದ ಊದಿದವು, ದಿಂಬುಗಳು ಕಪಾಟಿನಿಂದ ಮತ್ತೆ ಹಾಸಿಗೆಗೆ ಬಂದವು. ಬೈಂಡಿಂಗ್ ಕೆಲಸ ನಿಂತಿತು, ಪ್ರೆಸ್ಸಿನ ಯಜಮಾನ ವರ್ಷದ ಗಡುವನ್ನು ಮತ್ತೆ ನೆನಪಿಸಿದ. ಹೊಸ ಪರೀಕ್ಷೆಯ ಮೊದಲ ನಡಿಗೆಯ ದಿನ ಮೇಷ್ಟ್ರಿಗೆ ಓಣಿಯೊಳಗೆ ಪ್ರವೇಶವಿರಲಿಲ್ಲ. ಅವರನ್ನು ಗೇಟಿನ ಹೊರಗೆ ಕೂರಿಸಿ ಅವಳು ಒಳಗೆ ಹೋದಳು. ನಡೆದಳು ಎನ್ನುವುದಕ್ಕಿಂತ ನಿಂತು ನಿಂತು ಸರಿದಳು. ನರ್ಸಮ್ಮ ದನಿ ಏರಿಸದೆ ಇಳಿಸದೆ ತನ್ನ ಮಾತು ಹೇಳಿದಳು. ಮುಗಿಯುವ ಮೊದಲೇ ಬೈಂಡರಮ್ಮ ಕುರ್ಚಿ ಕೇಳಿದಳು.

ಹೊರಗೆ ಬಂದಾಗ ಮೇಷ್ಟ್ರು ಓಡಿಬಂದರು. "ಹೇಗಾಯ್ತು?"

"ಹೋದ ಸಲದ ಅರ್ಧಾನೂ ಇಲ್ಲ" ಎಂದಳು ಏದುಸಿರು ಬಿಡುತ್ತ. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಗೆದ್ದ ಜಂಬವಿತ್ತು. "ನೋಡಿದ್ರಾ? ಹೇಳಿರ್ಲಿಲ್ವಾ ನಾನು? ಅದು ಕೆಲಸ ಮಾಡ್ತಿತ್ತು!"

ಹೊಸ ಡಬ್ಬಿ ಸಿಕ್ಕಿತು. ಅದೇ ಪುಟ್ಟ ಹಳದಿ ಮಾತ್ರೆ. ಅವಳು ಪಾದ ನೋಡಿಕೊಂಡಳು, ದಿಂಬು ನೋಡಿಕೊಂಡಳು. ವಾರಗಳು ಉರುಳಿದವು. ಏನೂ ಬದಲಾಗಲಿಲ್ಲ. ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಮೇಷ್ಟ್ರು ಹೇಳುತ್ತಲೇ ಇದ್ದರು. ಒಂದು ಮಧ್ಯಾಹ್ನ ಅವಳು ಬೈಂಡಿಂಗ್ ಕೋಣೆಯ ಕಟ್ಟಡಕ್ಕೆ ಹೋಗಿ ಮೆಟ್ಟಿಲು ಹತ್ತಲು ನೋಡಿದಳು. ಮೊದಲ ತಿರುವು ಬರುವುದರೊಳಗೆ ಕಣ್ಣಿಗೆ ಕತ್ತಲೆ ಬಂತು. ಅಲ್ಲೇ ಕೂತಳು. ಪ್ರೆಸ್ಸಿನ ಆಳುಗಳು ಕಾಗದದ ರೀಮು ಹೊತ್ತುಕೊಂಡು, ಸ್ವಲ್ಪ ಸರೀರಮ್ಮ ಎನ್ನುತ್ತ ಅವಳ ಪಕ್ಕದಲ್ಲೇ ಹತ್ತಿ ಹೋದರು. ಅವಳು ಸರಿದು ಜಾಗ ಕೊಟ್ಟಳು. ವರ್ಷ ಕಳೆಯುವುದಕ್ಕೆ ಇನ್ನು ಹೆಚ್ಚು ದಿನವಿರಲಿಲ್ಲ. ಪ್ರೆಸ್ಸಿನ ಯಜಮಾನನನ್ನು ಕೆಳಗೆ ಕರೆಸಿ, ಕೋಣೆಯ ಬೀಗದ ಕೈಯನ್ನು ಅವನ ಮುಖಕ್ಕೆ ಎಸೆದ ಹಾಗೆ ಕೊಟ್ಟು ಬಂದಳು.

ಮಾರನೇ ಬೆಳಿಗ್ಗೆ ಮೇಷ್ಟ್ರು ನೀರಿನ ಲೋಟ ತಂದರು, ಆದರೆ ಕೈಗೆ ಕೊಡಲಿಲ್ಲ.

"ಇದು ಪೊಳ್ಳು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಇನ್ನು ಸಾಕು. ಯಾವಾಗ ಬೇಕಾದ್ರೂ ಬಿಡಬಹುದು ಅಂತ ಡಾಕ್ಟರಮ್ಮನೇ ಹೇಳಿದ್ದಾರೆ. ಇವತ್ತೇ ಬೇಡ ಅಂದುಬಿಡು. ಇವತ್ತಿಂದಾನೇ ನಡೆಸ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ, ನಿನ್ನ ಕಾಲು ನನ್ನ ಕೈಗೆ ಕೊಡು."

ಮೇಷ್ಟ್ರು ಅಳುತ್ತಿದ್ದರು. ಬೈಂಡರಮ್ಮ ಅವರನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅವರಿಗೆ ಹೂಂ ಎನ್ನಬೇಕು ಎಂದು ಅವಳಿಗೆ ಮನಸಾರೆ ಅನಿಸಿದ್ದು ಅದೇ ಮೊದಲು. ಹಾಗೆ ಅನಿಸಿದ್ದಕ್ಕೇ ಸಿಟ್ಟು ಬಂತು.

"ಲೋಟ ಕೊಡಿ."

"ಬೇಡ ಕಣೇ."

"ಕೊಡಿ ಅಂದೆ! ಪೊಳ್ಳು ಬಂದೋರೆಲ್ಲ ನನ್ನ ಹಾಗೇ ಗೊತ್ತು ಮಾಡ್ಕೊಂಡು ಬಿಟ್ಟು ಓಡಿದ್ರೆ, ಮಾತ್ರೆಯವರನ್ನ ಯಾರ ಪಕ್ಕ ನಿಲ್ಲಿಸಿ ನೋಡ್ತಾರೆ? ನಾನು ಇದ್ದ ಹಾಗೇ ಇದ್ದು, ಆ ಓಣೀಲಿ ಹೋಗಿ ಕೆಟ್ಟದಾಗಿ ನಡೀಬೇಕು. ನಡೆದ್ರೇನೇ ಅದು ಒಳ್ಳೇ ಮಾತ್ರೆ ಅಂತ ಗೊತ್ತಾಗೋದು. ಹೋದ ಸಲ ನೀವು ಕೆಡಿಸಿದ್ರಿ. ಈ ಸಲ ನಾನು ಕೆಡಿಸ್ಲಾ? ಡಾಕ್ಟರಮ್ಮನ ಹತ್ರ ಪೊಳ್ಳು ಗಿಳ್ಳು ಅಂತ ಬಾಯಿಬಿಟ್ರೆ ನೋಡಿ ಮತ್ತೆ!"

"ಅದು ಗೊತ್ತಾಗಿ, ತಯಾರಾಗಿ, ಅಂಗಡಿಗೆ ಬರೋದ್ರೊಳಗೆ ಎಷ್ಟು ವರ್ಷ ಆಗುತ್ತೋ. ಅಷ್ಟು ದಿನ ನೀನು..." ಮೇಷ್ಟ್ರು ಮಾತು ನುಂಗಿಕೊಂಡರು. "ನಿನಗೆ ಸಿಗದೇ ಇರೋ ಮಾತ್ರೆ ಯಾರಿಗೆ ಸಿಗುತ್ತೆ?"

"ನನಗೇನು ಗೊತ್ತು? ಯಾವನೋ ಮುಖ ಕಾಣದವನು. ಯಾವಳೋ. ಮೆಟ್ಟಿಲು ಹತ್ತುತ್ತಾರೆ." ಅವಳು ಅವರ ಕೈಯಿಂದ ಲೋಟ ಕಿತ್ತುಕೊಂಡಳು. ನೀರು ಅರ್ಧ ಚೆಲ್ಲಿತು. "ಹತ್ಲಿ, ಹಾಳಾದವರು. ನನ್ನ ಮುಂದೇನೇ ಹತ್ಲಿ."

ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನುಂಗಿದಳು. ಲೋಟವನ್ನು ಕುಕ್ಕಿ ಇಟ್ಟಳು. "ಏನು ನೋಡ್ತಾ ನಿಂತಿದ್ದೀರಿ? ಬನ್ನಿ, ಇಲ್ಲಿ ಕೂತ್ಕೊಳ್ಳಿ. ಏನೂ ಮಾಡಬೇಡಿ. ಸುಮ್ಮನೆ ಕೂತ್ಕೊಳ್ಳಿ" ಎಂದಳು.

ಮೇಷ್ಟ್ರು ಅವಳ ಪಕ್ಕ ಬಂದು, ಬೆನ್ನು ಬಗ್ಗಿಸಿಕೊಂಡು, ಕೂತರು.